ಮನೆಯವರೆಲ್ಲ ಕುಳಿತು ಆಡುವ ಮಾತು

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ಶ್ರಾವಣ ಭಾದ್ರಪದಗಳ ರಾತ್ರಿಯಲ್ಲಿ ಪ್ರಯಾಣ ಮಾಡಿದವರಿಗೆ ಒಂದು ನೋಟ ಪರಿಚಿತವಾಗಿರಬೇಕು. ಊರೆಲ್ಲ ಮಲಗಿದ್ದರೂ ಹೊಗೆಸೊಪ್ಪಿನ ಬ್ಯಾರನ್ನುಗಳ ಬಳಿ ಒಂದೊಂದು ದೀಪ ಉರಿಯುತ್ತಿರುತ್ತದೆ. ಒಲೆಯ ಬಾಯಿಗೆ ಸೌದೆ ಇಡುತ್ತ, ಉಷ್ಣಮಾಪಕವನ್ನು ಮತ್ತೆ ಮತ್ತೆ ನೋಡುತ್ತ ಮನೆಯವರಲ್ಲೊಬ್ಬರು ಎಚ್ಚರವಾಗಿ ಕುಳಿತಿರುತ್ತಾರೆ. ಸೊಪ್ಪು ಬೇಯುವುದಕ್ಕೆ ಐದಾರು ದಿನ ಬೇಕು. ಮೊದಲು ಎಲೆ ಹಳದಿಗೆ ತಿರುಗುವಷ್ಟು ಹಿತವಾದ ಕಾವು. ಆಮೇಲೆ ಎಲೆ ಒಣಗುವಷ್ಟು. ಕೊನೆಗೆ ನಡುವಿನ ದಂಟು ಒಣಗುವಷ್ಟು. ಅವಸರಪಟ್ಟು ಮೊದಲ ದಿನವೇ ಬೆಂಕಿ ಜೋರು ಮಾಡಿದರೆ ಬ್ಯಾರನ್ ತುಂಬಿದ ಸೊಪ್ಪೆಲ್ಲ ಬಣ್ಣಗೆಟ್ಟು ಹೋಗುತ್ತದೆ. ಇದು ಅಲ್ಲಿಯ ಮಕ್ಕಳಿಗೂ ಗೊತ್ತಿರುವ ಸಂಗತಿ.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಬೆಂಕಿಯ ಮುಂದೆ ಒಬ್ಬಳೇ ಕುಳಿತಿರುವವಳು ಮನೆಯೊಡತಿ. ಯಜಮಾನ ಸಂಜೆಯೇ ಕುಡಿದು ಬಂದು ಜಗಲಿಯ ಮೇಲೆ ಮಲಗಿದ್ದಾನೆ. ಹೋದ ವರ್ಷದ ಹರಾಜಿನ ಹಣ ಬಂದ ತಿಂಗಳೊಳಗೇ ಕರಗಿಹೋಯಿತು. ಬೆಳಿಗ್ಗೆ ಎದ್ದಾಗ ಅವನ ಕೈ ನಡುಗುತ್ತದೆ. ಒಂದು ಗುಟುಕು ಗಂಟಲಿಗೆ ಇಳಿದ ಮೇಲೆಯೇ ಲೋಟ ಹಿಡಿಯುವ ಸ್ಥಿಮಿತ ಬರುತ್ತದೆ. ಅವನು ಕೆಟ್ಟವನಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡಿಹೋಗುವವನು ಅವನೇ. ಮಗಳನ್ನು ಕಾಲೇಜಿಗೆ ಸೇರಿಸಿದವನೂ ಅವನೇ. ಆದರೂ ಮನೆ ಮುಳುಗುತ್ತಿದೆ. ಇಂಥ ಮನೆ ಕೃಷ್ಣರಾಜನಗರದ ಬತ್ತದ ಗದ್ದೆಗಳ ನಡುವೆಯೂ ಇದೆ. ಮೈಸೂರಿನ ಬಡಾವಣೆಗಳ ಎರಡಂತಸ್ತಿನ ಕಟ್ಟಡಗಳಲ್ಲೂ ಇದೆ. ಹಳ್ಳಿಯಲ್ಲಿ ಅದು ಜಗಲಿಯ ಮೇಲೆ ಕಾಣುತ್ತದೆ. ಪಟ್ಟಣದಲ್ಲಿ ಬಾಗಿಲು ಹಾಕಿಕೊಂಡಿರುತ್ತದೆ. ವ್ಯತ್ಯಾಸ ಅಷ್ಟೇ.

ನಾವು ಕನ್ನಡದ ಓದುಗರು ಕುಡುಕನನ್ನು ಪ್ರೀತಿಸಲು ಕಲಿತವರು. ಜಿ. ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನ ನಮ್ಮ ನಾಲಗೆಯ ಮೇಲೆ ನಲಿದಾಡಿದವನು. ಅವನ ಎದೆಯ ಹಸನು, ಅವನ ನುಡಿಯ ಮೋಹ ನಮ್ಮನ್ನು ಗೆದ್ದಿವೆ. ಗೆಲ್ಲಬೇಕಾದದ್ದೇ. ಆದರೆ ಪುಟ್ನಂಜಿಯ ಒಲೆ ಹೇಗೆ ಉರಿಯುತ್ತಿತ್ತೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಇಂದಿನ ಮಾತು ಪುಟ್ನಂಜಿಯ ಕಡೆಯದು. ಕುಡಿಯುವವನನ್ನು ಪ್ರೀತಿಸುವ ಮನೆಯವರು ಅವನನ್ನು ಚಿಕಿತ್ಸೆಯ ಬಾಗಿಲಿಗೆ ತರುವುದು ಹೇಗೆ ಎಂಬುದು ಇದರ ವಿಷಯ.

ಮದ್ಯದ ಅವಲಂಬನೆ ಒಂದು ರೋಗವೆಂದು ವೈದ್ಯಶಾಸ್ತ್ರ ಒಪ್ಪಿ ಬಹಳ ಕಾಲವಾಯಿತು. ನಮ್ಮ ಮನೆಗಳು ಇನ್ನೂ ಒಪ್ಪಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿದ, ೨೦೧೯ರಲ್ಲಿ ಪ್ರಕಟವಾದ ಸಮೀಕ್ಷೆಯೊಂದಿದೆ. ಅದರ ಪ್ರಕಾರ ಮದ್ಯಕ್ಕೆ ದಾಸರಾದ ಸುಮಾರು ೩೮ ಮಂದಿಯಲ್ಲಿ ಒಬ್ಬನಿಗೆ ಮಾತ್ರ ಏನಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಉಳಿದ ಮೂವತ್ತೇಳು ಮಂದಿ ಎಲ್ಲಿದ್ದಾರೆ? ಮನೆಯಲ್ಲಿದ್ದಾರೆ. ಅವರಿಗೆ ಇರುವ ವೈದ್ಯರು ಹೆಂಡತಿ, ತಾಯಿ, ಮಕ್ಕಳು. ನಮ್ಮ ರಾಜ್ಯದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ಮಾರಾಟ ನಿಂತಿತು. ಸಾರಾಯಿ ಹೋಯಿತು, ಚಟ ಹೋಗಲಿಲ್ಲ. ಅಂಗಡಿಯ ಸರಕು ಬದಲಾದ ಮಾತ್ರಕ್ಕೆ ಮನೆಯ ಕಷ್ಟ ಬದಲಾಗದೆಂಬುದನ್ನು ನಾವೇ ಕಣ್ಣಾರೆ ಕಂಡಿದ್ದೇವೆ.

ಇಂಥ ಮನೆಯವರು ಏನೂ ಮಾಡದೆ ಕುಳಿತಿರುತ್ತಾರೆಂದು ತಿಳಿಯಬಾರದು. ಬೇಕಾದದ್ದಕ್ಕಿಂತ ಹೆಚ್ಚನ್ನೇ ಮಾಡಿರುತ್ತಾರೆ. ಮದುವೆಯಾಗದ ಹುಡುಗನಾದರೆ ‘ಒಂದು ಮದುವೆ ಮಾಡಿಬಿಡಿ, ಜವಾಬ್ದಾರಿ ಬಂದರೆ ತಾನೇ ಸರಿಹೋಗುತ್ತಾನೆ’ ಎಂದು ಇನ್ನೊಬ್ಬರ ಮನೆಯ ಹೆಣ್ಣನ್ನು ತರುತ್ತಾರೆ. ದೇವರ ಮುಂದೆ ಆಣೆ ಮಾಡಿಸುತ್ತಾರೆ; ಆಣೆ ಮುರಿದ ದಿನ ಆ ಭಯವನ್ನು ಮರೆಯಲು ಅವನು ಇನ್ನಷ್ಟು ಕುಡಿಯುತ್ತಾನೆ. ಅಂಗಡಿಯ ಸಾಲ ತೀರಿಸುತ್ತಾರೆ. ಕೆಲಸಕ್ಕೆ ಹೋಗದ ದಿನ ಜ್ವರವೆಂದು ಹೇಳಿಕಳುಹಿಸುತ್ತಾರೆ. ರಾತ್ರಿ ಅವನು ಕುಡಿದು ಬಂದಾಗ ಬೈಯುತ್ತಾರೆ. ಬೆಳಿಗ್ಗೆ ಅವನು ತಿಳಿಯಾಗಿದ್ದಾಗ, ಜಗಳ ಬೇಡವೆಂದು ಸುಮ್ಮನಿರುತ್ತಾರೆ. ಕೇಳಿಸಿಕೊಳ್ಳಲಾರದ ಹೊತ್ತಿನಲ್ಲಿ ಮಾತು. ಕೇಳಿಸಿಕೊಳ್ಳಬಲ್ಲ ಹೊತ್ತಿನಲ್ಲಿ ಮೌನ. ನಾವು ಮೊದಲು ತಿದ್ದಿಕೊಳ್ಳಬೇಕಾದದ್ದು ಇದನ್ನು.

ಎರಡು ಕೆಲಸಗಳನ್ನಂತೂ ಖಂಡಿತ ಮಾಡಬಾರದು. ಮೊದಲನೆಯದು, ಗುಟ್ಟಾಗಿ ಔಷಧಿ ಹಾಕುವುದು. ‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ’ ಎಂಬ ಜಾಹೀರಾತು ಗೋಡೆಗಳ ಮೇಲೆ ಇದ್ದೇ ಇರುತ್ತದೆ. ಡೈಸಲ್ಫಿರಾಂ ಎಂಬ ಔಷಧಿಯುಂಟು. ಡೆನ್ಮಾರ್ಕಿನ ವಿಜ್ಞಾನಿಗಳು ೧೯೪೮ರಲ್ಲಿ ಇದರ ಗುಣವನ್ನು ಪ್ರಕಟಿಸಿದರು. ಇದನ್ನು ಸೇವಿಸಿದವನು ಮದ್ಯ ಮುಟ್ಟಿದರೆ ಮುಖ ಕೆಂಪೇರುತ್ತದೆ, ಎದೆ ಬಡಿದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ. ತಿಳಿದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಂಡವನಿಗೆ ಇದು ಬೇಲಿಯಂತೆ ನೆರವಾಗಬಲ್ಲದು. ತಿಳಿಯದೆ ತಿಂದು ಎಂದಿನಂತೆ ಕುಡಿದವನಿಗೆ ಪ್ರಾಣಕ್ಕೇ ಕುತ್ತಾಗಬಹುದು. ಜಾಹೀರಾತಿನ ಪುಡಿಯಲ್ಲಿ ಏನಿದೆಯೆಂಬುದು ಮಾರುವವನಿಗೂ ತಿಳಿದಿರಲಾರದು. ಪ್ರಾಣ ಉಳಿದರೂ ನಂಬಿಕೆ ಉಳಿಯುವುದಿಲ್ಲ. ಹೆಂಡತಿ ಬಡಿಸಿದ ತಟ್ಟೆಯನ್ನು ಸಂಶಯದಿಂದ ನೋಡುವ ಗಂಡನಿಗೆ ಆಮೇಲೆ ಯಾರ ಮಾತು ನಾಟೀತು?

ಎರಡನೆಯದು, ಕೋಣೆಯಲ್ಲಿ ಕೂಡಿಹಾಕುವುದು. ‘ನಾಲ್ಕು ದಿನ ಕೂಡಿಹಾಕಿದರೆ ತಾನಾಗಿ ಬಿಡುತ್ತಾನೆ’ ಎನ್ನುವವರಿದ್ದಾರೆ. ವರ್ಷಗಟ್ಟಲೆ ದಿನವೂ ಕುಡಿದ ದೇಹ ಮದ್ಯಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಅದು ಥಟ್ಟನೆ ನಿಂತರೆ ಕೆಲವು ಗಂಟೆಗಳಲ್ಲೇ ನಡುಕ, ಬೆವರು, ನಿದ್ರೆಯಿಲ್ಲದ ತಳಮಳ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಇಲ್ಲದ ಹುಳುಗಳನ್ನು ಗೋಡೆಯ ಮೇಲೆ ಕಾಣುತ್ತಾರೆ, ಮನೆಯವರನ್ನೇ ಗುರುತಿಸುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ಇದರಿಂದ ಸಾಯುವುದುಂಟು. ಆಸ್ಪತ್ರೆಯಲ್ಲಾದರೋ ಕೆಲವು ದಿನಗಳ ಮಾತ್ರೆ, ಥಯಾಮಿನ್ ಎಂಬ ಜೀವಸತ್ವ, ನೀರು, ಆಹಾರ, ಆರೈಕೆಗಳಿಂದ ಈ ಘಟ್ಟವನ್ನು ಸಾಮಾನ್ಯವಾಗಿ ಸುರಕ್ಷಿತವಾಗಿ ದಾಟಿಸಬಹುದು. ಆದ್ದರಿಂದ ಬೆಳಿಗ್ಗೆ ಕೈ ನಡುಗುವವನಿಗೆ ‘ಇವತ್ತೇ ನಿಲ್ಲಿಸು’ ಎನ್ನುವುದಕ್ಕಿಂತ ‘ಇವತ್ತೇ ಡಾಕ್ಟರ ಹತ್ತಿರ ಹೋಗೋಣ’ ಎನ್ನುವುದು ವಿವೇಕ. ಕಾನೂನೂ ಇದನ್ನೇ ಹೇಳುತ್ತದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮದ್ಯ ಮತ್ತು ಮಾದಕವಸ್ತುಗಳಿಂದ ಉಂಟಾಗುವ ಮನೋರೋಗಗಳನ್ನೂ ಒಳಗೊಳ್ಳುತ್ತದೆ; ರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನು ಪೂರ್ತಿಯಾಗಿ ನಿಷೇಧಿಸುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಹಿಂದೆ ಒಂದು ನಂಬಿಕೆಯಿತ್ತು: ಕುಡುಕ ಪೂರ್ತಿ ನೆಲಕಚ್ಚುವವರೆಗೆ ಯಾರೂ ಏನೂ ಮಾಡಲಾರರು, ಎಲ್ಲವನ್ನೂ ಕಳೆದುಕೊಂಡ ಮೇಲೆ ತಾನಾಗಿ ಎಚ್ಚರಗೊಳ್ಳುತ್ತಾನೆ ಎಂದು. ಅಮೆರಿಕದ ಪಾದ್ರಿ ವರ್ನನ್ ಜಾನ್ಸನ್ ಇದನ್ನು ಒಪ್ಪಲಿಲ್ಲ. ಅವರು ಸ್ವತಃ ಕುಡಿತದಿಂದ ಬಿಡಿಸಿಕೊಂಡವರು. ೧೯೭೩ರಲ್ಲಿ ಪ್ರಕಟವಾದ ಅವರ ಪುಸ್ತಕ ಮನೆಯವರಿಗೆ ಒಂದು ಹೊಸ ದಾರಿಯನ್ನು ತೋರಿಸಿತು. ವ್ಯಸನಿಗೆ ಬೇಕಾದವರೆಲ್ಲ ಮುಂಚೆಯೇ ಸಿದ್ಧತೆ ಮಾಡಿಕೊಂಡು, ಅವನೆದುರು ಕುಳಿತು, ತಾವು ಕಂಡದ್ದನ್ನು ಪ್ರೀತಿಯಿಂದ ಹೇಳಿ, ಚಿಕಿತ್ಸೆಗೆ ಕರೆಯುವುದೇ ಆ ದಾರಿ. ನೆಲಕಚ್ಚುವವರೆಗೆ ಕಾಯಬೇಕಾಗಿಲ್ಲ, ಬೀಳುವವನ ಕೆಳಗೆ ನೆಲವನ್ನೇ ಮೇಲೆತ್ತಬಹುದೆಂಬುದು ಇದರ ತಾತ್ಪರ್ಯ.

ಈ ದಾರಿ ಎಷ್ಟು ಫಲ ಕೊಡುತ್ತದೆ? ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ವಿಲಿಯಂ ಮಿಲ್ಲರ್, ರಾಬರ್ಟ್ ಮೈಯರ್ಸ್ ಮತ್ತು ಅವರ ಸಂಗಡಿಗರು ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ಚಿಕಿತ್ಸೆಗೆ ಒಲ್ಲೆನೆಂದ ಕುಡುಕರ ೧೩೦ ಮಂದಿ ಬಂಧುಗಳನ್ನು ಅವರು ಮೂರು ಗುಂಪು ಮಾಡಿದರು. ಬಂಧುಗಳು ತಮ್ಮ ಮನಶ್ಶಾಂತಿಯನ್ನು ಮಾತ್ರ ನೋಡಿಕೊಂಡ ಗುಂಪಿನಲ್ಲಿ ನೂರಕ್ಕೆ ೧೩ ಮಂದಿ ಕುಡುಕರು ಚಿಕಿತ್ಸೆಗೆ ಬಂದರು. ಜಾನ್ಸನ್ನರ ಸಭೆಯ ಕ್ರಮವನ್ನು ಕಲಿತ ಗುಂಪಿನಲ್ಲಿ ೩೦ ಮಂದಿ ಬಂದರು. ದಿನನಿತ್ಯದ ನಡವಳಿಕೆಯನ್ನೇ ಬದಲಾಯಿಸಿಕೊಳ್ಳಲು ಕಲಿತ ಮೂರನೆಯ ಗುಂಪಿನಲ್ಲಿ ೬೪ ಮಂದಿ ಬಂದರು. ಇನ್ನೊಂದು ಸಂಗತಿ ಮನಮುಟ್ಟುವಂಥದು. ಸಭೆಯ ಕ್ರಮವನ್ನು ಕಲಿತವರಲ್ಲಿ ಹತ್ತಕ್ಕೆ ಏಳು ಕುಟುಂಬಗಳು ಕೊನೆಗೆ ಸಭೆ ನಡೆಸಲೇ ಇಲ್ಲ. ಅವರಿಗೆ ಧೈರ್ಯ ಸಾಲಲಿಲ್ಲವೋ ಮನಸ್ಸು ಬರಲಿಲ್ಲವೋ. ನಡೆಸಿದವರಲ್ಲಾದರೋ ಮುಕ್ಕಾಲು ಪಾಲು ಗೆದ್ದರು.

ಇದರಿಂದ ನಮಗೆ ತಿಳಿಯುವುದು ಬ್ಯಾರನ್ನಿನ ಮುಂದೆ ಕುಳಿತ ಆ ಹೆಣ್ಣುಮಗಳಿಗೆ ಆಗಲೇ ಗೊತ್ತಿರುವ ಪಾಠ. ಮೊದಲು ಹಿತವಾದ ಕಾವು ಬೇಕು. ದೊಡ್ಡ ಉರಿ ಕೊನೆಗೆ. ಸಭೆಯೆಂಬುದು ಮೊದಲ ಹೆಜ್ಜೆಯಲ್ಲ, ಕೊನೆಯದು. ಅದಕ್ಕೆ ಮೊದಲು ಕೆಲವು ವಾರಗಳ ಕಾಲ ಮನೆ ತನ್ನ ನಡೆಯನ್ನು ಬದಲಾಯಿಸಿಕೊಳ್ಳಬೇಕು. ಅವನು ಕುಡಿಯದೆ ಬಂದ ಸಂಜೆ ಅವನಿಗಿಷ್ಟವಾದ ಸಾರು ಮಾಡಿ ಜೊತೆಯಲ್ಲಿ ಕುಳಿತು ಉಣ್ಣಬೇಕು, ನಾಲ್ಕು ಮಾತಾಡಬೇಕು. ಕುಡಿದು ಬಂದ ಸಂಜೆ ಬೈಯದೆ, ಅಳದೆ, ಅಲ್ಲಿಂದ ಎದ್ದುಹೋಗಬೇಕು. ಅವನ ಸಾಲವನ್ನು ಅವನೇ ಎದುರಿಸಲಿ; ಅವನ ಗೈರುಹಾಜರಿಗೆ ಅವನೇ ಕಾರಣ ಹೇಳಲಿ. ಇದು ಕಲ್ಲೆದೆಯಲ್ಲ. ಬಿದ್ದವನ ಬಟ್ಟೆಯ ಕೆಸರನ್ನು ಅವನು ಏಳುವುದಕ್ಕೆ ಮುಂಚೆಯೇ ಒರೆಸಿಬಿಟ್ಟರೆ ತಾನು ಬಿದ್ದದ್ದೇ ಅವನಿಗೆ ತಿಳಿಯುವುದಿಲ್ಲ.

ಇಷ್ಟರಿಂದಲೇ ಅವನ ಮನಸ್ಸು ತಿರುಗಿದರೆ ಸಭೆ ಬೇಕಾಗಿಲ್ಲ. ತಿರುಗದಿದ್ದರೆ ಸಭೆಯ ಸಿದ್ಧತೆಯಾಗಬೇಕು. ಅದರ ವಿವರಗಳನ್ನು ಒಂದೊಂದಾಗಿ ನೋಡೋಣ.

ಮೊದಲು ವೈದ್ಯರನ್ನು ಕಾಣಬೇಕು, ರೋಗಿಯಿಲ್ಲದೆಯೂ ಕಾಣಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಲ್ಲಿ ಮನೋವೈದ್ಯರು ಬರುವಂತೆ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವನ್ನು ರೂಪಿಸಿತು. ನಿಮ್ಮ ಆಸ್ಪತ್ರೆಯಲ್ಲಿ ಯಾವ ದಿನವೆಂದು ವಿಚಾರಿಸಬೇಕು. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಗಳು ರಾಜ್ಯದ ಅನೇಕ ಊರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿವೆ. ಆದರೆ ಕೈನಡುಕವುಳ್ಳವನು, ಹಿಂದೆ ಫಿಟ್ಸ್ ಬಂದವನು ಯಾವುದೇ ಶಿಬಿರಕ್ಕೆ ಸೇರುವ ಮುನ್ನ ವೈದ್ಯರಿಗೆ ತೋರಿಸಿಕೊಂಡಿರಬೇಕು. ಅವನು ‘ಆಗಲಿ’ ಎಂದ ಕೂಡಲೇ ಕರೆದೊಯ್ಯಲು ಹಾಸಿಗೆ, ವಾಹನ, ಹಣ ಸಿದ್ಧವಾಗಿರಬೇಕು. ಕುಡುಕನ ಮಾತು ಬೆಳಗಾದರೆ ಇಲ್ಲ ಎಂಬ ಗಾದೆ ಅವನನ್ನು ಹಳಿಯುವುದಕ್ಕೆಂದೇ ಇದ್ದರೂ, ನಾವು ಅದನ್ನು ನಮ್ಮ ಸಿದ್ಧತೆಗೆ ಕೊಟ್ಟ ಎಚ್ಚರಿಕೆಯೆಂದು ತಿಳಿಯಬೇಕು.

ಸಭೆಯಲ್ಲಿ ಯಾರು ಇರಬೇಕು? ನಾಲ್ಕೈದು ಮಂದಿ ಸಾಕು. ಅವನು ಗೌರವಿಸುವವರು, ಅವನನ್ನು ಪ್ರೀತಿಸುವವರು. ಸೋದರಮಾವನಿರಬಹುದು, ಹಳೆಯ ಮೇಷ್ಟರಿರಬಹುದು, ತಾನೂ ಕುಡಿತದಿಂದ ಬಿಡಿಸಿಕೊಂಡ ಊರಿನವರೊಬ್ಬರಿರಬಹುದು. ಜಮೀನಿನ ಪಾಲಿಗಾಗಿ ಮನಸ್ಸು ಕೆಟ್ಟಿರುವ ದಾಯಾದಿ ಬೇಡ. ಹಂಗಿಸದೆ ಮಾತಾಡಲಾರದವರು ಬೇಡ. ಜೊತೆಯಲ್ಲಿ ಕುಡಿಯುವವರು ಬೇಡವೇ ಬೇಡ. ಊರ ನ್ಯಾಯ ಪಂಚಾಯಿತಿಯಂತೆ ಹತ್ತು ಜನರ ಮುಂದೆ ನಿಲ್ಲಿಸಿದರೆ ಅವನು ಮನೆಯವರೆದುರು ಕುಳಿತ ರೋಗಿಯಾಗಿರುವುದಿಲ್ಲ, ಆರೋಪಿಯಾಗುತ್ತಾನೆ. ಆರೋಪಿ ವಾದಿಸುತ್ತಾನೆ. ಚಿಕ್ಕ ಮಕ್ಕಳನ್ನು ಕೂರಿಸಬಾರದು.

ಯಾವಾಗ? ಬೆಳಗಿನ ಹೊತ್ತು, ಅವನು ಆದಷ್ಟು ತಿಳಿಯಾಗಿರುವಾಗ. ಹಬ್ಬದ ದಿನ, ಹರಾಜಿನ ದಿನ, ಜಗಳವಾದ ಮಾರನೆಯ ದಿನ ಬೇಡ. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರಗಳಲ್ಲಿ ಹರಾಜು ಆರಂಭವಾಗಿ ಹಣ ಕೈಸೇರುವ ಮುಂಚೆಯೇ ಆದರೆ ಒಳ್ಳೆಯದು. ಕೃಷ್ಣರಾಜನಗರದ ಕಡೆ ಬತ್ತದ ಕೊಯ್ಲಿನ ಲೆಕ್ಕವನ್ನೂ ಹೀಗೆಯೇ ನೋಡಿಕೊಳ್ಳಬೇಕು. ಅವನು ಹೇಳಬಹುದಾದ ನೆಪಗಳನ್ನೆಲ್ಲ ಮೊದಲೇ ಎಣಿಸಿ ಪ್ರತಿಯೊಂದಕ್ಕೂ ಏರ್ಪಾಡು ಮಾಡಿರಬೇಕು. ಸೊಪ್ಪು ಬೇಯುತ್ತಿದೆ, ಹಸು ಕರೆಯುವವರಿಲ್ಲ, ಸಂಘದ ಕಂತು ಕಟ್ಟಬೇಕು ಎಂಬ ಮಾತು ಬಂದಾಗ ಅದಕ್ಕೆ ಹೆಗಲು ಕೊಡುವವರು ಅಲ್ಲೇ ಕುಳಿತಿರಬೇಕು.

ಏನು ಹೇಳಬೇಕು? ಪ್ರತಿಯೊಬ್ಬರೂ ತಾವು ಕಣ್ಣಾರೆ ಕಂಡ ಒಂದೆರಡು ಸಂಗತಿಗಳನ್ನು, ಆಗ ತಮಗಾದ ನೋವನ್ನು ಮಾತ್ರ ಹೇಳಬೇಕು. ‘ನೀನು ಯಾವಾಗಲೂ ಹೀಗೆಯೇ’ ಎಂಬ ಮಾತಿಗೆ ಜಗಳ ಹುಟ್ಟುತ್ತದೆ. ನಡೆದ ಸಂಗತಿಗೆ ಉತ್ತರವಿರುವುದಿಲ್ಲ. ಸಿಟ್ಟು ಬಂದಾಗ ಮಾತು ತಪ್ಪಿಹೋಗುತ್ತದೆ. ಆದ್ದರಿಂದ ಮೊದಲೇ ಬರೆದುಕೊಂಡು, ಅವನಿಲ್ಲದಾಗ ಒಮ್ಮೆ ಓದಿ ನೋಡಿಕೊಳ್ಳಬೇಕು. ನಾವು ಊಹಿಸಿಕೊಂಡ ಮನೆಯಲ್ಲಿ ಮಗಳು ಹೀಗೆ ಓದಬಹುದು: “ಅಪ್ಪಾಜಿ, ಹೋದ ತಿಂಗಳು ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ನೀವು ಬಿದ್ದಿದ್ದಿರಿ. ನನ್ನ ಜೊತೆ ಸ್ನೇಹಿತೆಯರಿದ್ದರು. ನಿಮ್ಮ ಗುರುತೇ ಇಲ್ಲದವಳ ಹಾಗೆ ನಾನು ಬಸ್ಸು ಹತ್ತಿಬಿಟ್ಟೆ. ಆವತ್ತಿನಿಂದ ನನಗೆ ಬೇಜಾರು ನಿಮ್ಮ ಮೇಲಲ್ಲ, ನನ್ನ ಮೇಲೆ.” ಹೆಂಡತಿಯ ತಮ್ಮ ಹೇಳಬಹುದು: “ಬ್ಯಾರನ್ ಯೋಚನೆ ಬಿಡಿ ಭಾವ. ನೀವು ಬರುವ ತನಕ ನಾನು ಇಲ್ಲೇ ಇರ್ತೀನಿ.” ಹೆಂಡತಿ ಹೇಳಬಹುದು: “ನೋಡಿ, ಇನ್ನು ಮೇಲೆ ಅಂಗಡಿ ಸಾಲ ನಾನು ತೀರಿಸೋದಿಲ್ಲ. ಆಸ್ಪತ್ರೆಗೆ ಬನ್ನಿ, ಹಗಲೂ ರಾತ್ರಿ ಜೊತೇಲಿರ್ತೀನಿ.”

ಈ ಮೂರು ಮಾತುಗಳಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ. ಕೇಳಿದ್ದು ಒಂದೇ, ಆಸ್ಪತ್ರೆಗೆ ಬನ್ನಿ ಎಂದು. ಹೆಂಡತಿ ಹೇಳಿದ್ದು ಅವಳು ನಡೆಸಬಲ್ಲ ಮಾತು. ‘ತವರಿಗೆ ಹೋಗಿಬಿಡುತ್ತೇನೆ’ ಎಂದು ಹೇಳಿ ಹೋಗದೆ ಇರುವುದಕ್ಕಿಂತ ಹೇಳದಿರುವುದೇ ಮೇಲು. ಪಾಲಿಸಲಾರದ ಮಾತನ್ನು ಮನೆಯವರು ಆಡಿದರೆ, ಅವನ ಆಣೆಗೂ ಅವರ ಮಾತಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಒಂದು ಮನೆಗೆ ಈ ಸಭೆಯ ದಾರಿ ಸಲ್ಲದು. ಕೈ ಎತ್ತುವ, ಕುಡುಗೋಲು ಹಿಡಿಯುವ ಗಂಡಿನ ಮನೆ ಅದು. ಅಲ್ಲಿ ಮೊದಲು ನೋಡಬೇಕಾದದ್ದು ಹೆಂಗಸರ ಮತ್ತು ಮಕ್ಕಳ ಪ್ರಾಣ. ಮಹಿಳಾ ಸಹಾಯವಾಣಿ ೧೮೧, ತುರ್ತು ಸಂಖ್ಯೆ ೧೧೨ ಇರುವುದು ಅದಕ್ಕಾಗಿ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ನೀಡುವ ೨೦೦೫ರ ಕಾಯಿದೆ ಇರುವುದೂ ಅದಕ್ಕಾಗಿಯೇ. ಅವನು ಸಾಯುತ್ತೇನೆಂದು ಹೇಳುತ್ತಿದ್ದರೂ ಸಭೆಯ ಯೋಚನೆ ಬಿಟ್ಟು ಒಡನೆ ವೈದ್ಯರ ಬಳಿ ಹೋಗಬೇಕು. ಹೊಲಕ್ಕೆ ಹೊಡೆಯುವ ಔಷಧಿ ಕೈಗೆಟುಕುವ ಮನೆಗಳಲ್ಲಿ ಅಂಥ ಮಾತನ್ನು ಕುಡುಕನ ಮಾತೆಂದು ತಳ್ಳಿಹಾಕುವಂತಿಲ್ಲ, ಡಬ್ಬಿಯನ್ನು ಬೀಗದೊಳಗಿಡಬೇಕು.

ಇಷ್ಟೆಲ್ಲ ಮಾಡಿಯೂ ಅವನು ‘ನನಗೇನಾಗಿದೆ? ಬರುವುದಿಲ್ಲ’ ಎಂದು ಎದ್ದುಹೋಗಬಹುದು. ಸಭೆ ಸೋತಿತೆಂದು ತಿಳಿಯಬಾರದು. ಆವತ್ತಿನವರೆಗೆ ಮನೆಯಲ್ಲಿ ಯಾರೂ ಹೆಸರಿಡದೆ ಬಚ್ಚಿಟ್ಟಿದ್ದ ಸಂಗತಿಗೆ ಅಂದು ಹೆಸರು ಬಂದಿರುತ್ತದೆ. ಮನೆಯವರು ಹೇಳಿದ ಮಾತಿನಂತೆ ನಡೆದುಕೊಂಡರೆ ಸಾಕು. ಒಂದು ದಿನ, ಜ್ವರ ಬಂದಾಗಲೋ ವಾಂತಿಯಲ್ಲಿ ರಕ್ತ ಕಂಡಾಗಲೋ, ಅವನೇ ‘ಆವತ್ತು ಹೇಳಿದ್ದಿರಲ್ಲ, ಆ ಡಾಕ್ಟರು’ ಎಂದು ಕೇಳಬಹುದು. ಆ ಗಳಿಗೆಯಲ್ಲಿ ‘ಆಗಲೇ ಬಡಕೊಂಡೆವು’ ಎಂದು ಚುಚ್ಚದೆ ಚಪ್ಪಲಿ ಮೆಟ್ಟಿ ಹೊರಡಬೇಕು.

ಒಪ್ಪಿ ಬಂದವನಿಗೂ ಆಸ್ಪತ್ರೆಯ ಹತ್ತು ಹದಿನೈದು ದಿನ ಆರಂಭ ಮಾತ್ರ. ಸಕ್ಕರೆ ಕಾಯಿಲೆಯಂತೆ, ರಕ್ತದೊತ್ತಡದಂತೆ, ಇದು ಬಹುಕಾಲ ನೋಡಿಕೊಳ್ಳಬೇಕಾದ ರೋಗ. ಮೊದಲ ವರ್ಷ ಮರಳಿ ಮುಗ್ಗರಿಸುವುದು ಅಪರೂಪವಲ್ಲ. ಮುಗ್ಗರಿಸಿದ ದಿನ ಹಿಂದಿನ ಒಳ್ಳೆಯ ತಿಂಗಳುಗಳನ್ನೆಲ್ಲ ಸುಳ್ಳೆಂದು ಎಣಿಸದೆ ಮತ್ತೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬಿಟ್ಟವರು ಬಿಟ್ಟವರೊಡನೆ ಸೇರುವುದರಲ್ಲಿ ದೊಡ್ಡ ಬಲವಿದೆ. ೧೯೩೫ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾದುದರಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ನಮ್ಮ ನಗರಗಳಲ್ಲೂ ನಡೆಯುತ್ತವೆ. ಧರ್ಮಸ್ಥಳದ ಶಿಬಿರಗಳಿಂದ ಹೊರಬಂದವರು ತಮ್ಮ ಊರುಗಳಲ್ಲಿ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಹರಾಜಿನ ಹಣ ಈಗ ಬ್ಯಾಂಕಿನ ಖಾತೆಗೇ ಬರುವುದರಿಂದ, ಮೊದಲ ವರ್ಷ ಅದನ್ನು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ತೆಗೆಯುವ ಒಪ್ಪಂದ ಮಾಡಿಕೊಳ್ಳಬಹುದು. ಅದು ಕಾವಲಲ್ಲ, ಜೊತೆ.

ಕೊನೆಯದಾಗಿ ಮನೆಯವರಿಗೇ ಒಂದು ಮಾತು. ಅವನ ಕುಡಿತಕ್ಕೆ ನೀವು ಕಾರಣರಲ್ಲ. ಅವನು ಬಿಡುವುದಾಗಲಿ ಬಿಡದಿರುವುದಾಗಲಿ ಪೂರ್ತಿ ನಿಮ್ಮ ಕೈಯಲ್ಲೂ ಇಲ್ಲ. ನಿಮ್ಮ ಊಟ, ನಿದ್ರೆ, ಮಕ್ಕಳ ಓದು ಇವುಗಳನ್ನು ಅವನು ಸರಿಹೋಗುವವರೆಗೆ ಮುಂದೂಡಬೇಡಿ. ಈ ಮಾತು ತಲುಪಿದವರಲ್ಲಿ ಯಾರಾದರೂ ಇವತ್ತು ರಾತ್ರಿ ಒಬ್ಬರೇ ಬೆಂಕಿಯ ಮುಂದೆ ಕುಳಿತಿರಬಹುದು. ಅವರು ಮಾಡಬೇಕಾದ ಮೊದಲ ಕೆಲಸ ಬಹಳ ಚಿಕ್ಕದು. ನಾಳೆ ಬೆಳಿಗ್ಗೆ, ನಂಬಿಕೆಯಿರುವ ಒಬ್ಬರಿಗೆ, ಅಣ್ಣನಿಗೋ ಅಕ್ಕನಿಗೋ, ಮನೆಯ ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಒಂದು ಬ್ಯಾರನ್ನನ್ನು ಐದಾರು ರಾತ್ರಿ ಒಬ್ಬರೇ ಕಾಯುವುದು ಯಾರಿಂದಲೂ ಆಗುವ ಕೆಲಸವಲ್ಲ, ಇದೂ ಅಷ್ಟೇ.